ಮೊಳೆಯ ಮರೆವು, ಸೂಜಿಯ ನೆನಪು

ಪುಟ್ಟಿ,

ಮೊನ್ನೆ ಫೋನಿನಲ್ಲಿ "ಮಾವ, ಕೆಲಸಕ್ಕೆ ಸೇರೋಕೆ ಇನ್ನು ಹದಿನೈದು ದಿನ ಇದೆ, ಅಷ್ಟರೊಳಗೆ ಯಾವ ಪುಸ್ತಕ ಓದಲಿ?" ಅಂತ ಕೇಳಿದೆಯಲ್ಲ. ಎಲೆಕ್ಟ್ರಿಕ್ ಸ್ಕೂಟರಿಗೆ ಮೋಟಾರು ಮಾಡುವ ಕಡೆ ನಿನಗೆ ಕೆಲಸ ಸಿಕ್ಕಿದೆ ಅಂದಾಗಿನಿಂದ ನಿಮ್ಮಮ್ಮನಿಗಿಂತ ನನಗೇ ಹೆಚ್ಚು ಸಂಭ್ರಮ. ಪುಸ್ತಕ ಇದ್ದೇ ಇರುತ್ತದೆ. ಅದಕ್ಕೂ ಮೊದಲು ನಿಮ್ಮ ಅಟ್ಟದ ಮೇಲಿರುವ ಹಳೇ ರೇಡಿಯೊದ ಹರಿದ ಸ್ಪೀಕರನ್ನು ಕೆಳಗಿಳಿಸು.

ಅದರ ಬೆನ್ನಿಗೆ ಕಪ್ಪು ಬಳೆಯ ಹಾಗೆ ಅಂಟಿಕೊಂಡಿರುವ ಅಯಸ್ಕಾಂತವನ್ನು ಬಿಡಿಸಿಕೊ. ಒಂದು ಕಬ್ಬಿಣದ ಮೊಳೆ, ಒಂದು ಹೊಲಿಗೆ ಸೂಜಿ, ಒಂದು ಹಿಡಿ ಗುಂಡುಪಿನ್ನು ಇಟ್ಟುಕೊ. ಮೊಳೆಯನ್ನು ಹಿಂದಿನ ರಾತ್ರಿ ನೀರೊಲೆಯ ಕೆಂಡದಲ್ಲಿ ಕೆಂಪಗೆ ಕಾಯಿಸಿ, ಬೂದಿಯಲ್ಲೇ ಹೂತು ಆರಲು ಬಿಟ್ಟಿರಬೇಕು. ಬೆಳಿಗ್ಗೆ ಮೊಳೆಯ ತಲೆಯನ್ನು ಅಯಸ್ಕಾಂತಕ್ಕೆ ತಾಗಿಸಿ ತುದಿಯನ್ನು ಪಿನ್ನಿನ ರಾಶಿಗೆ ಇಳಿಸು. ಪಿನ್ನುಗಳು ಗೊಂಚಲಾಗಿ ಎದ್ದು ಬರುತ್ತವೆ. ಅಯಸ್ಕಾಂತವನ್ನು ಕಿತ್ತೆಯೋ, ಪಿನ್ನೆಲ್ಲ ಉದುರುತ್ತವೆ. ಈಗ ಸೂಜಿಯನ್ನು ಅದೇ ಅಯಸ್ಕಾಂತದ ಮೇಲೆ ಒಂದೇ ದಿಕ್ಕಿಗೆ ಇಪ್ಪತ್ತು ಸಲ ಎಳೆ. ದೂರ ತಂದ ಮೇಲೂ ಅದು ಪಿನ್ನನ್ನು ಹಿಡಿದುಕೊಂಡೇ ಇರುತ್ತದೆ. ನಾಳೆ ನೋಡು, ಮುಂದಿನ ತಿಂಗಳು ನೋಡು, ಹಾಗೇ ಇರುತ್ತದೆ.

ಮೊಳೆ ಮರೆಯುತ್ತದೆ, ಸೂಜಿ ನೆನಪಿಡುತ್ತದೆ. ನೀನು ಇನ್ನು ಮುಂದೆ ಬದುಕು ಕಟ್ಟಿಕೊಳ್ಳುವ ವಿದ್ಯೆಯ ಅರ್ಧ ಭಾಗ ಇಷ್ಟರಲ್ಲೇ ಇದೆ. ಪಾಲಿಟೆಕ್ನಿಕ್ಕಿನಲ್ಲಿ 31 ವರ್ಷ ಪಾಠ ಮಾಡಿದೆ, ಅಯಸ್ಕಾಂತ ಕೈಗೆ ಕೊಟ್ಟ ಕೂಡಲೇ ಹುಡುಗರು ಕೇಳುತ್ತಿದ್ದ ಮೊದಲ ಪ್ರಶ್ನೆ "ಎಷ್ಟು ಸ್ಟ್ರಾಂಗು ಸಾರ್?" ಎಂಬುದೇ. ನೀನು ಬೇರೆ ಎರಡು ಪ್ರಶ್ನೆ ಕೇಳು. ಇದು ಎಷ್ಟು ನೆನಪಿಡುತ್ತದೆ? ಏನಾದರೆ ಮರೆತುಬಿಡುತ್ತದೆ?

ಯಾಕೆ ಹೀಗೆ ಅನ್ನುವುದನ್ನು ನಾನು ತರಗತಿಯಲ್ಲಿ ಹೇಳುತ್ತಿದ್ದ ಹಾಗೇ ಹೇಳುತ್ತೇನೆ. ಕಬ್ಬಿಣದ ಒಂದೊಂದು ಪರಮಾಣುವೂ ಒಂದು ಪುಟ್ಟ ಅಯಸ್ಕಾಂತ. ಅದರೊಳಗಿನ ಕೆಲವು ಎಲೆಕ್ಟ್ರಾನುಗಳ ಸ್ಪಿನ್ ಜೋಡಿಯಿಲ್ಲದೆ ಉಳಿದಿರುತ್ತದೆ, ಅದೇ ಕಾರಣ. ತಾಮ್ರದಲ್ಲೂ ಅಲ್ಯೂಮಿನಿಯಮ್ಮಿನಲ್ಲೂ ಎಲೆಕ್ಟ್ರಾನುಗಳಿವೆ. ಆದರೆ ಅಕ್ಕಪಕ್ಕದ ಪರಮಾಣುಗಳು ಒಂದೇ ಕಡೆ ಮುಖಮಾಡಿ ನಿಲ್ಲಬೇಕೆಂಬ ಒತ್ತಾಯ ಅಲ್ಲಿಲ್ಲ. ಕಬ್ಬಿಣ, ಕೋಬಾಲ್ಟ್, ನಿಕಲ್‌ಗಳಲ್ಲಿ ಅದು ಇದೆ. ಹಾಗಿದ್ದರೆ ಅಂಗಡಿಯಿಂದ ತಂದ ಪ್ರತಿ ಮೊಳೆಯೂ ಅಯಸ್ಕಾಂತವಾಗಿರಬೇಕಿತ್ತಲ್ಲ? ಇದಕ್ಕೆ ಫ್ರಾನ್ಸಿನ ಪಿಯರ್ ವೈಸ್ 1907ರಲ್ಲಿ ಉತ್ತರ ಹುಡುಕಿದರು. ಕಬ್ಬಿಣದೊಳಗೆ ಪರಮಾಣುಗಳು ಗುಂಪು ಗುಂಪಾಗಿ ನಿಂತಿರುತ್ತವೆ. ಒಂದು ಗುಂಪಿನೊಳಗೆ ಎಲ್ಲರದೂ ಒಂದೇ ದಿಕ್ಕು, ಪಕ್ಕದ ಗುಂಪಿನದು ಇನ್ನೊಂದು. ಒಟ್ಟಾರೆ ಲೆಕ್ಕ ಹಾಕಿದರೆ ಸೊನ್ನೆ. ಈ ಗುಂಪುಗಳನ್ನೇ ಡೊಮೇನ್ ಅನ್ನುವುದು.

ತೇರಿನ ದಿನ ರಥಬೀದಿಯನ್ನು ನೆನೆಸಿಕೊ. ಒಂದೊಂದು ಊರಿನವರು ಒಂದೊಂದು ಗುಂಪಾಗಿ, ತಮ್ಮ ತಮ್ಮ ಮಾತಿನಲ್ಲಿ ಮುಳುಗಿ, ಒಬ್ಬರು ಆ ಕಡೆ ಒಬ್ಬರು ಈ ಕಡೆ ನಿಂತಿರುತ್ತಾರೆ. ತೇರು ಹೊರಟಿತು ಅಂದಾಗ ಎಲ್ಲರೂ ಒಟ್ಟಿಗೆ ತಿರುಗುವುದಿಲ್ಲ. ತೇರಿನ ಕಡೆಗೆ ಆಗಲೇ ಮುಖ ಮಾಡಿರುವ ಗುಂಪಿಗೆ ಪಕ್ಕದ ಗುಂಪಿನ ಅಂಚಿನಲ್ಲಿದ್ದವರು ಒಬ್ಬೊಬ್ಬರಾಗಿ ಸೇರಿಕೊಳ್ಳುತ್ತಾರೆ. ಆ ಗುಂಪು ಬೆಳೆಯುತ್ತದೆ, ಇದು ಕರಗುತ್ತದೆ. ಕಬ್ಬಿಣದೊಳಗೂ ಹೀಗೇ. ಹೊರಗಿನಿಂದ ಕಾಂತಕ್ಷೇತ್ರ ಬಂದಾಗ ಡೊಮೇನುಗಳ ನಡುವಿನ ಗಡಿಗೋಡೆ ಸರಿಯುತ್ತದೆ. ಹದವಾಗಿ ಆರಿದ ಶುದ್ಧ ಕಬ್ಬಿಣದಲ್ಲಿ ಗೋಡೆ ಸಲೀಸಾಗಿ ಸರಿದು, ಕ್ಷೇತ್ರ ಹೋದ ಮೇಲೆ ಅಷ್ಟೇ ಸಲೀಸಾಗಿ ಹಿಂದಿರುಗುತ್ತದೆ. ಸೂಜಿಯ ಉಕ್ಕಿನಲ್ಲಿ ಇಂಗಾಲವಿದೆ, ಕಾಯಿಸಿ ತಟ್ಟನೆ ತಣಿಸಿ ಗಡಸು ಮಾಡಿದ್ದರಿಂದ ಒಳಗೆಲ್ಲ ಕಗ್ಗಂಟು. ಅಲ್ಲಿ ಗೋಡೆ ಕಲ್ಲುಮುಳ್ಳಿನ ದಾರಿಯಲ್ಲಿ ಸಿಕ್ಕಿಕೊಂಡ ಹಾಗೆ. ಹೋಗುವುದೂ ಕಷ್ಟ, ಹೋದ ಮೇಲೆ ಬರುವುದೂ ಕಷ್ಟ. ಅದಕ್ಕೇ ಕಾಂತವಸ್ತುಗಳಲ್ಲಿ ಮೆದು, ಗಡಸು ಅನ್ನುವ ಎರಡು ಜಾತಿ. ಉಕ್ಕಿನ ಗಟ್ಟಿತನದಿಂದ ಬಂದ ಹೆಸರುಗಳವು, ಮುಂದೆ ಎಲ್ಲಕ್ಕೂ ಅಂಟಿಕೊಂಡವು.

ಗೋಡೆ ಹೀಗೆ ಕುಪ್ಪಳಿಸುತ್ತಾ ಸರಿಯುವುದನ್ನು ಕಿವಿಯಲ್ಲೇ ಕೇಳಬಹುದು. 1919ರಲ್ಲಿ ಜರ್ಮನಿಯ ಹೈನ್ರಿಕ್ ಬಾರ್ಕ್‌ಹೌಸನ್ ಕಬ್ಬಿಣದ ಸುತ್ತ ತಂತಿ ಸುತ್ತಿ, ಅದರ ಸಂಕೇತವನ್ನು ದೊಡ್ಡದು ಮಾಡಿ ಆಲಿಸಿದರು. ಅಯಸ್ಕಾಂತವನ್ನು ನಿಧಾನವಾಗಿ ಹತ್ತಿರ ತಂದಂತೆ ಚಟಪಟ ಸದ್ದು ಬಂತು, ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ. ಒಂದೊಂದು ಚಟಪಟವೂ ಎಲ್ಲೋ ಒಂದು ಗೋಡೆ ಅಡ್ಡಿ ದಾಟಿದ ಸದ್ದು. ಹಳೇ ಆಂಪ್ಲಿಫೈಯರ್ ಒಂದಿದ್ದರೆ ನೀನೂ ಕೇಳಬಹುದು. ನಾನು ಪ್ರತಿ ವರ್ಷ ಹೊಸ ಬ್ಯಾಚಿಗೆ ಮೊದಲ ವಾರದಲ್ಲೇ ಇದನ್ನು ಕೇಳಿಸುತ್ತಿದ್ದೆ. ಆ ಸದ್ದು ಕೇಳಿದವರು ಆಮೇಲೆ ಡೊಮೇನನ್ನು ಬಾಯಿಪಾಠ ಮಾಡಲಿಲ್ಲ.

ಇನ್ನು ಮರೆವಿನ ದೊಡ್ಡ ಕಾರಣ ಶಾಖ. ಪರಮಾಣುಗಳು ಒಂದೇ ಕಡೆ ಮುಖ ಮಾಡಬೇಕು ಅನ್ನುತ್ತವೆ, ಶಾಖ ಅವನ್ನು ಅಲ್ಲಾಡಿಸುತ್ತದೆ. ಒಂದು ಹಂತದಲ್ಲಿ ಶಾಖ ಗೆಲ್ಲುತ್ತದೆ. ಆ ಹಂತವನ್ನು 1895ರಲ್ಲಿ ಪಿಯರ್ ಕ್ಯೂರಿ ತಮ್ಮ ಸಂಶೋಧನೆಯಲ್ಲಿ ಸ್ಪಷ್ಟಪಡಿಸಿದ್ದರಿಂದ ಅದಕ್ಕೆ ಕ್ಯೂರಿ ತಾಪ ಎಂದೇ ಹೆಸರು. ಕಬ್ಬಿಣಕ್ಕೆ ಅದು 770 ಡಿಗ್ರಿ ಸೆಲ್ಸಿಯಸ್, ಕೋಬಾಲ್ಟಿಗೆ 1100ಕ್ಕೂ ಮೇಲೆ, ನಿಕಲ್ಲಿಗೆ 360ರ ಹತ್ತಿರ. ಗ್ಯಾಡೊಲಿನಿಯಮ್ ಅನ್ನುವ ಲೋಹಕ್ಕೆ ಸುಮಾರು 20 ಡಿಗ್ರಿ ಅಷ್ಟೇ. ಅಂದರೆ ಬೆಂಗಳೂರಿನ ಮಾಗಿಯ ಬೆಳಗಿನಲ್ಲಿ ಅಯಸ್ಕಾಂತಕ್ಕೆ ಅಂಟುವ ಚೂರು ಮಧ್ಯಾಹ್ನದ ಬಿಸಿಲಿಗೆ ಕಳಚಿ ಬೀಳುತ್ತದೆ. ಈ ಶಾಖದ ಮಾತನ್ನು ಗಂಟು ಹಾಕಿಕೊ. ಮುಂದೆ ಎರಡು ಸಲ ಇದಕ್ಕೇ ಬರುತ್ತೇನೆ.

ಮೆದು ಜಾತಿಯಿಂದ ಶುರು ಮಾಡೋಣ. ನಮ್ಮೂರಿನ ತೋಟದ ದಾರಿಯಲ್ಲಿ ಟಿಸಿ (ಟ್ರಾನ್ಸ್‌ಫಾರ್ಮರ್) ಕಂಬದ ಕೆಳಗೆ ನಿಂತರೆ ಗುಂಯ್ ಅನ್ನುವ ಸದ್ದು ಬರುತ್ತದಲ್ಲ, ಅದು ಕರೆಂಟಿನ ಸದ್ದು ಅಂತಲೇ ಎಲ್ಲರೂ ಅಂದುಕೊಂಡಿರುವುದು. ಅದು ಕಬ್ಬಿಣದ ಸದ್ದು. ಕಾಂತವಾದಾಗ ಕಬ್ಬಿಣದ ಉದ್ದ ಹತ್ತು ಲಕ್ಷದಲ್ಲಿ ಕೆಲವೇ ಪಾಲಿನಷ್ಟು ಬದಲಾಗುತ್ತದೆ. ಜೇಮ್ಸ್ ಜೌಲ್ 1842ರಲ್ಲೇ ಇದನ್ನು ಕಂಡಿದ್ದರು. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಹಿಂದಕ್ಕೂ ಮುಂದಕ್ಕೂ ತಿರುಗುತ್ತದೆ. ದಿಕ್ಕು ಯಾವುದಾದರೂ ಕಬ್ಬಿಣ ಹಿಗ್ಗುತ್ತದೆ, ಹಾಗಾಗಿ ಸೆಕೆಂಡಿಗೆ 100 ಸಲ ಮಿಡಿಯುತ್ತದೆ. ಒಳಗಿನ ತಗಡಿನ ಕಟ್ಟು ಸಡಿಲವಾದರೆ ಸದ್ದಿನ ದನಿಯೇ ಬದಲಾಗುತ್ತದೆ. ನಮ್ಮಪ್ಪ ಆ ದನಿ ಕೇಳಿಯೇ ಟಿಸಿಯ ಆರೋಗ್ಯ ಹೇಳುತ್ತಿದ್ದರು.

ಆ ಒಂದು ಸೆಕೆಂಡಿನಲ್ಲಿ ಒಳಗಿನ ಡೊಮೇನುಗಳೆಲ್ಲ ಐವತ್ತು ಸಲ ಹೋಗಿ ಬರಬೇಕು. ಹೋಗಿ ಬರುವಾಗ ಕಬ್ಬಿಣ ಯಾವಾಗಲೂ ಸ್ವಲ್ಪ ಹಿಂದೆ ಬೀಳುತ್ತದೆ. ಟೋಕಿಯೊದಲ್ಲಿ ಪಾಠ ಮಾಡುತ್ತಿದ್ದ ಸ್ಕಾಟ್ಲೆಂಡಿನ ಜೇಮ್ಸ್ ಆಲ್ಫ್ರೆಡ್ ಯೂಯಿಂಗ್ 1880ರ ದಶಕದ ಆರಂಭದಲ್ಲಿ ಇದಕ್ಕೆ ಹಿಸ್ಟರಿಸಿಸ್ ಅಂತ ಹೆಸರಿಟ್ಟರು. ಗ್ರೀಕಿನಲ್ಲಿ ಹಿಂದೆ ಬೀಳುವುದು ಎಂದೇ ಅದರ ಅರ್ಥ. ಗ್ರಾಫಿನಲ್ಲಿ ಅದು ಒಂದು ಕುಣಿಕೆಯಾಗಿ ಮೂಡುತ್ತದೆ. ಆ ಕುಣಿಕೆಯ ಒಳಗಿನ ಜಾಗ ಎಷ್ಟಿದೆಯೋ, ಪ್ರತಿ ಸುತ್ತಿಗೂ ಅಷ್ಟು ಶಕ್ತಿ ಬಿಸಿಯಾಗಿ ಹೋಯಿತು ಎಂದರ್ಥ. ಇದನ್ನು ಸೂತ್ರವಾಗಿ ತಿಳಿದುಕೊಂಡರೆ ಸಾಲದು, ಕರುಳಿಗೆ ತಾಗಬೇಕು. ಟಿಸಿಯಿಂದ ಯಾರೂ ಒಂದು ದೀಪವನ್ನೂ ಹಚ್ಚದ ನಡುರಾತ್ರಿಯಲ್ಲೂ ಅದರ ಕಬ್ಬಿಣ ಆ ಕುಣಿಕೆಯನ್ನು ಸುತ್ತುತ್ತಲೇ ಇರುತ್ತದೆ, ವರ್ಷವಿಡೀ. ನಾಡಿನ ತುಂಬ ಇರುವ ಅಷ್ಟೂ ಟಿಸಿಗಳನ್ನು ಕೂಡಿಸಿಕೊಂಡು ಯೋಚಿಸು.

ಅದಕ್ಕೇ ಕುಣಿಕೆ ಸಣಕಲಾಗಿರುವ ಕಬ್ಬಿಣಕ್ಕಾಗಿ ಜನ ನೂರು ವರ್ಷ ತಪಸ್ಸು ಮಾಡಿದರು. ಇಂಗ್ಲೆಂಡಿನ ರಾಬರ್ಟ್ ಹ್ಯಾಡ್‌ಫೀಲ್ಡ್ 1900ರ ಆಸುಪಾಸಿನಲ್ಲಿ ಕಬ್ಬಿಣಕ್ಕೆ ಮೂರು ಪರ್ಸೆಂಟಿನಷ್ಟು ಸಿಲಿಕಾನ್ ಬೆರೆಸಿದರು. ಕುಣಿಕೆಯೂ ಸಣ್ಣದಾಯಿತು, ವಿದ್ಯುತ್ ರೋಧವೂ ಹೆಚ್ಚಿತು. ಇನ್ನೂ ಹಾಕೋಣ ಅಂದರೆ ತಗಡು ಹಪ್ಪಳದ ಹಾಗೆ ಮುರಿಯುತ್ತದೆ. 1934ರಲ್ಲಿ ಅಮೆರಿಕದ ನಾರ್ಮನ್ ಗಾಸ್ ತಗಡನ್ನು ತಣ್ಣಗೆ ಉರುಳಿಸಿ, ಕಾಯಿಸಿ, ಮತ್ತೆ ಉರುಳಿಸಿ ಅದರ ಹರಳುಗಳೆಲ್ಲ ಒಂದೇ ಕಡೆ ಮಲಗುವಂತೆ ಮಾಡಿದರು. ಟ್ರಾನ್ಸ್‌ಫಾರ್ಮರಿನವರು ಇವತ್ತಿಗೂ ಸಿಆರ್‌ಜಿಒ ಅನ್ನುವುದು ಇದನ್ನೇ.

ತಗಡು ಯಾಕೆ ಅನ್ನುವುದು ಇನ್ನೊಂದು ಮಾತು. ಕಬ್ಬಿಣವೂ ಕರೆಂಟು ಹರಿಸುತ್ತದೆ. ಬದಲಾಗುವ ಕಾಂತಕ್ಷೇತ್ರದಲ್ಲಿ ಇಡೀ ದಿಮ್ಮಿ ಇಟ್ಟರೆ ಅದರೊಳಗೆ ಸುಳಿಯಾಗಿ ಕರೆಂಟು ಸುತ್ತಿ ಕಾದುಹೋಗುತ್ತದೆ. ಅದಕ್ಕೇ ಕಬ್ಬಿಣವನ್ನು ತೆಳ್ಳನೆ ಹಾಳೆ ಮಾಡಿ, ಒಂದೊಂದಕ್ಕೂ ಕಾಣದಷ್ಟು ತೆಳುವಾದ ಲೇಪ ಬಳಿದು, ಒಂದರ ಮೇಲೊಂದು ಜೋಡಿಸುವುದು. ಹಾಳೆಯ ದಪ್ಪ ಅರ್ಧ ಮಾಡಿದರೆ ಸುಳಿಯ ನಷ್ಟ ಕಾಲು ಭಾಗಕ್ಕೆ ಇಳಿಯುತ್ತದೆ. ಪಂಪ್‌ಸೆಟ್ ಮೋಟಾರಿನ ಹಾಳೆ, ಅಂದರೆ ಸ್ಟಾಂಪಿಂಗು, ಅರ್ಧ ಮಿಲಿಮೀಟರ್, ಟ್ರಾನ್ಸ್‌ಫಾರ್ಮರಿನದು ಅದರ ಅರ್ಧದಷ್ಟು. ಆ ಲೇಪವನ್ನು ಯಾರೂ ನೋಡುವುದಿಲ್ಲ, ಬಿಲ್ಲಿನಲ್ಲಿ ಬರೆಯುವುದಿಲ್ಲ. ಅದರ ಬೆಲೆ ನನಗೆ ಗೊತ್ತಾದದ್ದು 1978ರಲ್ಲಿ, ನಮ್ಮಪ್ಪನ ಮೋಟಾರು ರೀವೈಂಡಿಂಗ್ ಅಂಗಡಿಯಲ್ಲಿ.

ಅಂಗಡಿ ಇದ್ದದ್ದು ತಿಪಟೂರಿನಲ್ಲಿ, ನಿಮ್ಮಮ್ಮ ಆಗ ಹೈಸ್ಕೂಲು. ಡಿಪ್ಲೊಮಾ ಮುಗಿಸಿ ಬಂದಿದ್ದ ನನಗೆ ಎಲ್ಲ ಗೊತ್ತು ಅನ್ನುವ ಧೈರ್ಯ. ಬೇಸಿಗೆಯಲ್ಲಿ ಸುಟ್ಟ ಮೋಟಾರುಗಳು ಸಾಲಾಗಿ ಬಂದು ಕೂತಿದ್ದವು. ರೀವೈಂಡಿಂಗ್ ಮಾಡಬೇಕಾದರೆ ಮೊದಲು ಹಳೇ ತಾಮ್ರ ತೆಗೆಯಬೇಕು. ವಾರ್ನಿಷ್ ಕಲ್ಲಾಗಿ ಕೂತಿರುತ್ತದೆ, ಸುಲಭಕ್ಕೆ ಬರುವುದಿಲ್ಲ. ಅಪ್ಪನ ಪದ್ಧತಿ ನಿಧಾನದ್ದು. ಒಂದು ಬದಿಯಲ್ಲಿ ಹೊರಚಾಚಿದ ತಂತಿಯ ಸುರುಳಿಯನ್ನು (ಓವರ್‌ಹ್ಯಾಂಗ್) ಉಳಿಯಿಂದ ಕತ್ತರಿಸಿ, ಹದವಾಗಿ ಬಿಸಿ ಮಾಡಿ, ಇನ್ನೊಂದು ಬದಿಯಿಂದ ಸ್ಲಾಟು ಸ್ಲಾಟಾಗಿ ಎಳೆಯುತ್ತಿದ್ದರು. ಅಪ್ಪ ತುಮಕೂರಿಗೆ ಹೋಗಿದ್ದ ದಿನ ನಾನು ಐದು ಎಚ್‌ಪಿ ಮೋಟಾರಿನ ಸ್ಟೇಟರಿಗೆ, ಅಂದರೆ ತಿರುಗದ ಹೊರಭಾಗಕ್ಕೆ, ಕರಟ ತುಂಬಿ, ಸೀಮೆಎಣ್ಣೆ ಸುರಿದು ಬೆಂಕಿ ಕೊಟ್ಟೆ. ತಿಪಟೂರಿನಲ್ಲಿ ಕರಟಕ್ಕೇನು ಬರ? ಕರಟದ ಬೆಂಕಿ ಎಷ್ಟು ಉರಿ ಅಂತ ಗೊತ್ತಲ್ಲ. ಅರ್ಧ ಗಂಟೆಯಲ್ಲಿ ವಾರ್ನಿಷ್ ಬೂದಿಯಾಯಿತು, ತಾಮ್ರ ಕೈಯಲ್ಲೇ ಬಂತು. ಒಂದೇ ದಿನದಲ್ಲಿ ಸುತ್ತಿ, ವಾರ್ನಿಷ್ ಹಾಕಿ, ಸಂಜೆಗೆ ಕೊಟ್ಟು ಕಳಿಸಿದೆ.

ಇಪ್ಪತ್ತು ದಿನಕ್ಕೆ ಆ ರೈತರು ಮೋಟಾರು ಹೊತ್ತು ತಂದರು, ಸುಟ್ಟಿತ್ತು. ಓಲ್ಟೇಜು ಸರಿಯಿಲ್ಲ ಅಂತ ಹೇಳಿ ಮತ್ತೆ ಸುತ್ತಿಕೊಟ್ಟೆ. ಮತ್ತೆ ಸುಟ್ಟಿತು. ಮೂರನೇ ಸಲ ಅಪ್ಪ ತಾವೇ ಬಿಚ್ಚಿದರು. ಸ್ಟಾಂಪಿಂಗಿನ ಅಂಚು ನವಿಲುಗರಿಯ ಹಾಗೆ ನೀಲಿಗಟ್ಟಿದ್ದನ್ನು ನೋಡಿದರು, ಏನೂ ಕೇಳಲಿಲ್ಲ. ದಪ್ಪ ಕೇಬಲನ್ನು ಸ್ಟೇಟರಿನ ಒಳಗಿಂದ ಹೊರಕ್ಕೆ ಕೆಲವು ಸುತ್ತು ಸುತ್ತಿ ಕರೆಂಟು ಕೊಟ್ಟರು. ಸ್ವಲ್ಪ ಹೊತ್ತಾದ ಮೇಲೆ ಕರೆಂಟು ತೆಗೆದು ನನ್ನ ಕೈ ಹಿಡಿದು ಕೋರಿನ ಒಳಮೈ ಮೇಲೆ ಆಡಿಸಿದರು. ಒಂದು ಕಡೆ ಬೆಚ್ಚಗೆ, ಇನ್ನೊಂದು ಕಡೆ ಕೈ ಇಡಲಾಗದಷ್ಟು ಸುಡು. ವೈಂಡಿಂಗೇ ಇಲ್ಲ, ಬರೀ ಕಬ್ಬಿಣ ಸುಡುತ್ತಿತ್ತು. ನನ್ನ ಬೆಂಕಿ ಹಾಳೆಗಳ ನಡುವಿನ ಲೇಪವನ್ನು ತಿಂದುಹಾಕಿತ್ತು. ಹಾಳೆಗಳೆಲ್ಲ ಒಂದಕ್ಕೊಂದು ಬೆಸೆದು ದಿಮ್ಮಿಯಂತಾಗಿ ಒಳಗೆ ಕರೆಂಟಿನ ಸುಳಿ ಎದ್ದಿತ್ತು. ಆ ಬಿಸಿಗೆ ಯಾವ ವೈಂಡಿಂಗು ತಡೆದೀತು? ಅಪ್ಪ ಆ ಸ್ಟೇಟರನ್ನು ಗುಜರಿಗೆ ಹಾಕಿ, ರೈತರಿಗೆ ಬೇರೆ ಮೋಟಾರು ಕೊಡಿಸಿದರು. ಅಷ್ಟರಲ್ಲಿ ಅವರ ತೋಟದ ಎಳೆ ತೆಂಗಿನ ಸಸಿಗಳಲ್ಲಿ ಎಷ್ಟೋ ಒಣಗಿಹೋಗಿದ್ದವು. ಆ ನಷ್ಟವನ್ನು ನಾವು ಕಟ್ಟಿಕೊಡಲಾಗಲಿಲ್ಲ.

ಅದಾದ ಮೇಲೆ ನಾನು ಎಲ್ಲಿ ಪಾಠ ಮಾಡಿದರೂ ಈ ಮಾತನ್ನು ಬಿಟ್ಟಿಲ್ಲ. ಸ್ಟೇಟರನ್ನು ಓವನ್ನಿನಲ್ಲಿ ಕಾಯಿಸಬೇಕಾದರೆ ಕಬ್ಬಿಣದ ತಾಪ 360, 370 ಡಿಗ್ರಿ ದಾಟದಂತೆ ಕಾಯಬೇಕು. ಸ್ಲಾಟಿನ ಒಳಗೆ ಅರ ಹಾಕಿ ಉಜ್ಜಬಾರದು, ಅದರ ಚೂರು ಹಾಳೆಗೆ ಹಾಳೆ ಸೇರಿಸುತ್ತದೆ. ಸುತ್ತುವ ಮೊದಲು ಕೋರ್ ಪರೀಕ್ಷೆ ಮಾಡಬೇಕು. ನೀನು ಹೊಸ ಮೋಟಾರು ಮಾಡುವವಳು, ಹಳೆಯದರ ಗೊಡವೆ ನಿನಗಿಲ್ಲ ಅನ್ನಬಹುದು. ಆದರೆ ನಿನ್ನ ಮೋಟಾರನ್ನು ಇನ್ನು ಹತ್ತು ವರ್ಷಕ್ಕೆ ಯಾವುದೋ ಸಣ್ಣ ಊರಿನ ಅಂಗಡಿಯಲ್ಲಿ ಒಬ್ಬರು ಬಿಚ್ಚುತ್ತಾರೆ. ಅವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಕೆಲಸ ಮಾಡು.

ಈಗ ನೆನಪಿಡುವ ಜಾತಿಗೆ ಬರುತ್ತೇನೆ, ನಿನ್ನ ಸ್ಕೂಟರಿನ ರೋಟರಿನೊಳಗೆ ಇರುವುದು ಅದೇ. ನಮ್ಮ ಹಿರಿಯರು ಇದಕ್ಕೆ ಸೂಜಿಗಲ್ಲು ಅಂದರು. ಮ್ಯಾಗ್ನಟೈಟ್ ಅನ್ನುವ ಕಪ್ಪು ಅದಿರಿನ ಕೆಲವು ಚೂರುಗಳು ತಾವಾಗಿಯೇ ಅಯಸ್ಕಾಂತವಾಗಿರುತ್ತವೆ. ಕುದುರೆಮುಖದಲ್ಲಿ ತೆಗೆಯುತ್ತಿದ್ದದ್ದು ಈ ಜಾತಿಯ ಅದಿರೇ. ಕಬ್ಬಿಣದ ಅಂಶ ಕಡಿಮೆ ಇದ್ದರೂ, ಪುಡಿ ಮಾಡಿ ಅಯಸ್ಕಾಂತದಿಂದ ಆರಿಸಬಹುದಾಗಿದ್ದರಿಂದ ಅದಕ್ಕೆ ಬೆಲೆ ಬಂತು. ಆ ಪುಡಿ ನೀರಿನೊಂದಿಗೆ ಕೆಸರಾಗಿ 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿಗೆ ಇಳಿಯುತ್ತಿತ್ತು. ಕಾಡು ಉಳಿಸಬೇಕೆಂಬ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು, ನಿಲ್ಲಬೇಕಾದದ್ದೇ. ಬಳ್ಳಾರಿಯ ಕೆಂಪು ಹೆಮಟೈಟಿನಲ್ಲಿ ಕಬ್ಬಿಣ ಇದಕ್ಕಿಂತ ಎಷ್ಟೋ ಹೆಚ್ಚು, ಆದರೂ ಸಾಧಾರಣ ಅಯಸ್ಕಾಂತ ಅದನ್ನು ಎತ್ತುವುದಿಲ್ಲ. ಕಬ್ಬಿಣ ಎಷ್ಟಿದೆ ಅನ್ನುವುದಕ್ಕಿಂತ ಪರಮಾಣುಗಳು ಹೇಗೆ ನಿಂತಿವೆ ಅನ್ನುವುದು ಮುಖ್ಯ. ಹೆಮಟೈಟಿನಲ್ಲಿ ಅವು ಎದುರುಬದುರಾಗಿ ನಿಂತು ಹೆಚ್ಚುಕಡಿಮೆ ಪೂರ್ತಿ ಹೊಡೆದುಹೋಗುತ್ತವೆ, ಮ್ಯಾಗ್ನಟೈಟಿನಲ್ಲಿ ಒಂದು ಬದಿಯ ಬಲ ಮಿಗುತ್ತದೆ. ಈ ಲೆಕ್ಕ ಬಿಡಿಸಿದ ಲೂಯಿ ನೀಲ್ ಅವರಿಗೆ 1970ರಲ್ಲಿ ನೊಬೆಲ್ ಬಂತು.

ಗಟ್ಟಿ ನೆನಪಿನ ಉಕ್ಕಿಗಾಗಿ ಹೆಚ್ಚು ಬೆವರು ಸುರಿಸಿದ್ದು ಜಪಾನಿನವರು. ಕೊತಾರೊ ಹೊಂಡ 1917ರಲ್ಲಿ ಕೋಬಾಲ್ಟ್ ಬೆರೆಸಿ ಒಂದು ಉಕ್ಕು ಮಾಡಿದರು. 1931ರಲ್ಲಿ ತೊಕುಶಿಚಿ ಮಿಶಿಮ ಅಲ್ಯೂಮಿನಿಯಮ್ಮು, ನಿಕಲ್ಲು, ಕಬ್ಬಿಣ ಕೂಡಿಸಿ ಅದನ್ನೂ ಮೀರಿಸಿದರು. ಅಲ್ನಿಕೊ ಅನ್ನುವ ಅಯಸ್ಕಾಂತ ಬೆಳೆದದ್ದು ಅಲ್ಲಿಂದ. 1930ರಲ್ಲೇ ಟೋಕಿಯೊದ ಯೊಗೊರೊ ಕಾತೊ, ತಾಕೆಶಿ ತಾಕೆಯಿ ಇಬ್ಬರೂ ತುಕ್ಕಿನ ಜಾತಿಯ ಪುಡಿಯನ್ನು ಒತ್ತಿ ಸುಟ್ಟು ಫೆರೈಟ್ ಮಾಡಿದ್ದರು. ನಿನ್ನ ಸ್ಪೀಕರಿನ ಕಪ್ಪು ಬಳೆ ಆ ವಂಶದ್ದು, ಮಡಕೆಯ ಹಾಗೆ ಸುಟ್ಟು ಮಾಡಿದ್ದು. ಫ್ರಿಜ್ಜಿನ ಬಾಗಿಲಿನ ರಬ್ಬರಿನೊಳಗೆ ಇರುವುದೂ ಇದರ ಪುಡಿಯೇ. ಇದರ ಮೆದು ತಮ್ಮ ನಿನ್ನ ಫೋನ್ ಚಾರ್ಜರಿನಲ್ಲಿದ್ದಾನೆ. ಚಾರ್ಜರಿನಲ್ಲಿ ಕರೆಂಟು ಸೆಕೆಂಡಿಗೆ ಲಕ್ಷದ ಆಸುಪಾಸು ಸಲ ತಿರುಗುತ್ತದೆ. ಕಬ್ಬಿಣದ ಹಾಳೆ ಅಲ್ಲಿ ಕಾದು ಸಾಯುತ್ತದೆ, ಫೆರೈಟಿನಲ್ಲಿ ಕರೆಂಟೇ ಹರಿಯದು, ಹಾಗಾಗಿ ಸುಳಿಯೂ ಇಲ್ಲ. ಹಳೇ ರೇಡಿಯೊದ ಇಟ್ಟಿಗೆ ಭಾರದ ಟ್ರಾನ್ಸ್‌ಫಾರ್ಮರು ಹೋಗಿ ಹುಣಸೆ ಬೀಜದಷ್ಟು ಹಗುರದ್ದು ಬಂದದ್ದು ಹೀಗೆ.

ಆಮೇಲೆ ಬಂದರು ಜಪಾನಿನವರೇ ಆದ ಮಸಾತೊ ಸಗಾವ. ಅವರಿಗಿಂತ ಹಿಂದೆ ಸಮೇರಿಯಮ್ ಕೋಬಾಲ್ಟ್ ಅಯಸ್ಕಾಂತ ಇತ್ತು, ಎರಡೂ ದುಬಾರಿ ಲೋಹ. ಅಗ್ಗದ ಕಬ್ಬಿಣವನ್ನು ಯಾಕೆ ಬಳಸಬಾರದು ಅಂತ ಸಗಾವ ಕೇಳಿಕೊಂಡರು. 1978ರಲ್ಲಿ ಒಂದು ಉಪನ್ಯಾಸ ಕೇಳುತ್ತಿದ್ದಾಗ, ಸಮೇರಿಯಮ್ಮಿನಂಥ ವಿರಳ ಲೋಹದ ಜೊತೆ ಸೇರಿದ ಕಬ್ಬಿಣದ ಪರಮಾಣುಗಳು ತೀರ ಒತ್ತಾಗಿ ನಿಲ್ಲುವುದೇ ತೊಂದರೆ ಎಂಬ ಮಾತು ಕಿವಿಗೆ ಬಿತ್ತು. ನಡುವೆ ಬೋರಾನಿನಂಥ ಪುಟ್ಟ ಪರಮಾಣು ತೂರಿಸಿದರೆ? ಅಲ್ಲಿಂದ ಹುಟ್ಟಿದ್ದು ನಿಯೋಡಿಮಿಯಮ್, ಕಬ್ಬಿಣ, ಬೋರಾನ್ ಕೂಡಿದ ಅಯಸ್ಕಾಂತ. ಅದೇ ಹೊತ್ತಿಗೆ ಅಮೆರಿಕದಲ್ಲಿ ಜಾನ್ ಕ್ರೋಟ್ ಬೇರೆ ದಾರಿಯಲ್ಲಿ ಅದೇ ವಸ್ತುವಿಗೆ ಬಂದರು. 1984ಕ್ಕೆ ಜಗತ್ತಿಗೆಲ್ಲ ಗೊತ್ತಾಯಿತು. ಒಂದೇ ಗಾತ್ರದಲ್ಲಿ ಫೆರೈಟಿನ ಹತ್ತು ಪಟ್ಟು ಶಕ್ತಿ ಹಿಡಿದಿಡುತ್ತದೆ. ಎನ್42, ಎನ್52 ಅಂತ ಬರೆದಿರುತ್ತಾರಲ್ಲ, ಆ ಅಂಕಿ ಇದೇ ಶಕ್ತಿಯ ಅಳತೆ.

ಇಲ್ಲಿಯೇ ಶಾಖದ ಮಾತು ಮತ್ತೆ. ಈ ಅಯಸ್ಕಾಂತದ ಕ್ಯೂರಿ ತಾಪ 310 ಡಿಗ್ರಿಯ ಹತ್ತಿರ. ಆದರೆ ಅಷ್ಟು ದೂರ ಹೋಗಬೇಕಾಗಿಲ್ಲ. ಒಂದೊಂದು ಡಿಗ್ರಿ ಏರಿದಾಗಲೂ, ಎದುರಿನ ಕ್ಷೇತ್ರವನ್ನು ತಡೆದು ನಿಲ್ಲುವ ಅದರ ಹಟ ಅರ್ಧ ಪರ್ಸೆಂಟಿಗಿಂತ ಹೆಚ್ಚು ಕುಗ್ಗುತ್ತದೆ. ಸಾಮಾನ್ಯ ಗ್ರೇಡಿಗೆ 80 ಡಿಗ್ರಿಯೇ ಮಿತಿ. ಅಂಕಿಯ ಹಿಂದೆ ಎಚ್ ಇದ್ದರೆ 120, ಎಸ್‌ಎಚ್ ಇದ್ದರೆ 150, ಯುಎಚ್ ಇದ್ದರೆ 180. ನಿನ್ನ ಸ್ಕೂಟರು ಇಬ್ಬರನ್ನು ಹೊತ್ತು, ಮೇ ತಿಂಗಳ ಮಧ್ಯಾಹ್ನ ಕಲಬುರಗಿಯಲ್ಲಿ ಫ್ಲೈಓವರ್ ಏರುವಾಗ ರೋಟರಿನ ಒಳಗಿನ ತಾಪ ಎಷ್ಟಿರುತ್ತದೆ? ಆಗಲೇ ಸ್ಟೇಟರು ಗರಿಷ್ಠ ಕರೆಂಟು ಎಳೆದು ಅಯಸ್ಕಾಂತಕ್ಕೆ ಎದುರು ಒತ್ತುತ್ತಿರುತ್ತದೆ. ಆ ಕ್ಷಣದಲ್ಲಿ ಮರೆತರೆ, ತಣ್ಣಗಾದ ಮೇಲೂ ನೆನಪು ಮರಳದು. ಸವಾರರಿಗೆ ಗೊತ್ತೂ ಆಗುವುದಿಲ್ಲ. ಗಾಡಿಯ ಎಳೆತ ಕಡಿಮೆಯಾಯಿತು ಅನ್ನುತ್ತಾರೆ ಅಷ್ಟೇ. ಆದ್ದರಿಂದ ಮಾರುವವರು ತೋರಿಸುವ 20 ಡಿಗ್ರಿಯ ಗ್ರಾಫನ್ನು ಬದಿಗಿಟ್ಟು 120ರದು, 150ರದು ಕೊಡಿ ಅಂತ ಕೇಳು. ಅಂಕಿ ದೊಡ್ಡದಿರುವುದಕ್ಕಿಂತ ಅಕ್ಷರ ಸರಿಯಾಗಿರುವುದನ್ನು ಆರಿಸು.

ಆ ಹಟ ಹೆಚ್ಚಿಸಲು ಡಿಸ್ಪ್ರೋಸಿಯಮ್ ಬೆರೆಸುತ್ತಾರೆ. ಅದರ ಪರಮಾಣುಗಳು ಕಬ್ಬಿಣಕ್ಕೆ ಎದುರಾಗಿ ನಿಲ್ಲುವುದರಿಂದ ಒಟ್ಟು ಬಲ ತುಸು ಇಳಿಯುತ್ತದೆ. ಹಟಕ್ಕೆ ತೆರುವ ಬೆಲೆ ಅದು. ಇನ್ನೊಂದು ಬೆಲೆ ಅಂಗಡಿಯದು. 2025ರ ಏಪ್ರಿಲ್‌ನಲ್ಲಿ ಚೀನಾ ಡಿಸ್ಪ್ರೋಸಿಯಮ್, ಟರ್ಬಿಯಮ್, ಸಮೇರಿಯಮ್ ಸೇರಿ ಏಳು ಲೋಹಗಳಿಗೂ ಅವುಗಳ ಅಯಸ್ಕಾಂತಗಳಿಗೂ ರಫ್ತು ಪರವಾನಗಿ ಕಡ್ಡಾಯ ಮಾಡಿದಾಗ ನಮ್ಮ ವಾಹನ ತಯಾರಕರಿಗೆಲ್ಲ ಬಿಸಿ ತಟ್ಟಿತು. ಅದಕ್ಕೇ ಫೆರೈಟನ್ನೂ, ಅಯಸ್ಕಾಂತವೇ ಇಲ್ಲದೆ ಬರೀ ಕಬ್ಬಿಣದ ರೋಟರಿನಿಂದ ತಿರುಗುವ ರಿಲಕ್ಟನ್ಸ್ ಮೋಟಾರನ್ನೂ ಈಗಲೇ ಚೆನ್ನಾಗಿ ಕಲಿ. ಫೆರೈಟು ದುರ್ಬಲ ಅಂತ ಕಡೆಗಣಿಸಬೇಡ. ಅದು ತುಕ್ಕು ಹಿಡಿಯದು, ಅಗ್ಗ. ಬಿಸಿ ಏರಿದರೆ ಅದರ ಹಟ ಹೆಚ್ಚುತ್ತದೆ! ಅದಕ್ಕೆ ಭಯ ಚಳಿಯದು. ನಿಯೋಡಿಮಿಯಮ್ಮಿಗೆ ರಾಯಚೂರಿನ ಬಿಸಿಲು ಕಷ್ಟ, ಫೆರೈಟಿಗೆ ಲಡಾಖಿನ ಮಂಜು ಕಷ್ಟ.

ಕೈಯ ಜಾಗ್ರತೆಯ ಮಾತು ಹೇಳದೆ ಹೋದರೆ ನಿಮ್ಮಮ್ಮ ನನ್ನನ್ನು ಬಿಡುವುದಿಲ್ಲ. ನಿಯೋಡಿಮಿಯಮ್ ಅಯಸ್ಕಾಂತ ಎರಡು ಒಂದಕ್ಕೊಂದು ಹಾರುವಾಗ ಬೆರಳು ನಡುವೆ ಇರಬಾರದು. ಅದು ಗಾಜಿನಷ್ಟೇ ಪೆಡಸು, ಚೂರು ಕಣ್ಣಿಗೆ ಹಾರುತ್ತದೆ, ಕನ್ನಡಕ ಹಾಕಿಕೊ. ಒಣಗಿದ್ದಾಗ ಉಜ್ಜಿದರೆ ಅದರ ಪುಡಿ ಹೊತ್ತಿಕೊಳ್ಳುತ್ತದೆ. ಮನೆಗೆ ಮಾತ್ರ ಎಂದೂ ತರಬೇಡ, ನಿನ್ನ ಅಣ್ಣನ ಮಗು ತೆವಳುತ್ತಿದೆ. ಗುಂಡಿಯಂಥ ಅಯಸ್ಕಾಂತ ಎರಡು ಹೊಟ್ಟೆಗೆ ಹೋದರೆ ಕರುಳಿನ ಎರಡು ಸುರುಳಿಗಳನ್ನು ನಡುವೆ ಹಿಸುಕಿ ತೂತು ಮಾಡುತ್ತವೆ. ಹಾಗೇನಾದರೂ ಆದರೆ ತಾನಾಗಿ ಹೊರಬರಲಿ ಅಂತ ಕಾಯುವಂತಿಲ್ಲ, ಆಸ್ಪತ್ರೆಗೆ ಓಡಬೇಕು.

ಮನೆಯ ಮಾತು ಬಂದಿದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ನಿಮ್ಮಮ್ಮ ಸ್ಟೀಲು ಪಾತ್ರೆ ಕೊಳ್ಳುವಾಗ ಅಯಸ್ಕಾಂತ ಹಿಡಿದು ನೋಡುತ್ತಾಳೆ, ಅಂಟದಿದ್ದರೆ ಒಳ್ಳೇ ಸ್ಟೀಲು ಅನ್ನುತ್ತಾಳೆ. ಅರ್ಧ ಸರಿ. ನಿಕಲ್ ಇರುವ 304 ಅಂಟುವುದಿಲ್ಲ. ಆದರೆ ಮ್ಯಾಂಗನೀಸ್ ಹಾಕಿದ ಅಗ್ಗದ ಸ್ಟೀಲೂ ಅಂಟುವುದಿಲ್ಲ. 304ನ್ನೇ ಬಗ್ಗಿಸಿ ತಟ್ಟಿದ ಅಂಚಿನಲ್ಲಿ ಸ್ವಲ್ಪ ಅಂಟಬಹುದು. ಇಂಡಕ್ಷನ್ ಒಲೆಗೆ ಅಂಟುವ ತಳವೇ ಬೇಕು. ಇನ್ನು ಅಯಸ್ಕಾಂತದ ಹಾಸಿಗೆ, ಕೈಬಳೆ ಮಾರುವವರು ಮನೆಗೆ ಬಂದು ಇದು ರಕ್ತದ ಕಬ್ಬಿಣವನ್ನು ಎಳೆದು ರಕ್ತದ ಓಡಾಟ ಹೆಚ್ಚಿಸುತ್ತದೆ ಅಂದರೆ ನಯವಾಗಿ ಕಳಿಸು. 1936ರಲ್ಲೇ ಲೈನಸ್ ಪಾಲಿಂಗ್, ಚಾರ್ಲ್ಸ್ ಕೊರಿಯೆಲ್ ಅಳೆದು ತೋರಿಸಿದ್ದಾರೆ: ಆಮ್ಲಜನಕ ತುಂಬಿದ ರಕ್ತವನ್ನು ಅಯಸ್ಕಾಂತ ಕೊಂಚವೇ ದೂರ ತಳ್ಳುತ್ತದೆ, ಆಮ್ಲಜನಕ ಕಳೆದುಕೊಂಡದ್ದನ್ನು ಕೊಂಚವೇ ಸೆಳೆಯುತ್ತದೆ. ಎಂಆರ್‌ಐನಲ್ಲಿ ಮಿದುಳಿನ ಯಾವ ಭಾಗ ಕೆಲಸ ಮಾಡುತ್ತಿದೆ ಎಂದು ನೋಡುವುದು ಈ ವ್ಯತ್ಯಾಸದಿಂದಲೇ. ಆ ಯಂತ್ರದ 3 ಟೆಸ್ಲಾ ಕ್ಷೇತ್ರದಲ್ಲಿ ಮಲಗಿ ಎದ್ದವರ ರಕ್ತ ಮಾಮೂಲಿನಂತೆ ಹರಿಯುತ್ತಿರುತ್ತದೆ. ಕೈಬಳೆ ಏನು ಮಾಡೀತು?

ಪಾಲಿಂಗ್ ಅಳೆದು ತೋರಿಸಿದರು ಅಂದೆನಲ್ಲ, ಆ ಅಳತೆಯ ವಿಷಯಕ್ಕೇ ಒಂದು ಹಳೇ ಕಥೆ. ಬೊಂಬಾಯಿಯ ಕೊಲಾಬಾದಲ್ಲಿ 1841ರಿಂದ ಭೂಮಿಯ ಕಾಂತಕ್ಷೇತ್ರವನ್ನು ಅಳೆಯುತ್ತಿದ್ದರು. ಊರಿಗೆ ವಿದ್ಯುತ್ ಟ್ರಾಮ್ ಬರುತ್ತದೆ ಎಂದಾದಾಗ ಅದರ ಕರೆಂಟು ಅಳತೆ ಕೆಡಿಸುತ್ತದೆಂದು ವೀಕ್ಷಣಾಲಯವನ್ನು 1904ರಲ್ಲಿ ಅಲಿಬಾಗಿಗೆ ಸಾಗಿಸಿದರು. ಕಬ್ಬಿಣದ ಅಂಶವಿಲ್ಲದ ಪೋರಬಂದರದ ಕಲ್ಲಿನಿಂದ ಕಟ್ಟಡ ಕಟ್ಟಿದರು. ನನಗೆ ಬಹಳ ಹಿಡಿಸಿದ್ದು ಅವರು ಆಮೇಲೆ ಮಾಡಿದ್ದು: ಹಳೇ ಜಾಗವನ್ನು ತಕ್ಷಣ ಮುಚ್ಚದೆ, ಎರಡು ವರ್ಷ ಎರಡೂ ಕಡೆ ಒಟ್ಟಿಗೆ ಅಳೆದರು. ಹಳೇ ಲೆಕ್ಕಕ್ಕೂ ಹೊಸ ಲೆಕ್ಕಕ್ಕೂ ಸೇತುವೆ ಸಿಕ್ಕಿತು. ನಿನ್ನ ಲ್ಯಾಬಿನಲ್ಲಿ ಮೀಟರು ಬದಲಿಸಿದರೆ ಹಳೆಯದನ್ನು ಎತ್ತಿಡುವ ಮೊದಲು ಎರಡನ್ನೂ ಜೊತೆಯಾಗಿ ಓಡಿಸು, ಮೇಲಿನವರು ಅವಸರ ಮಾಡಿದರೂ.

ಕೊನೆಗೆ, ಆರ್ಮೇಚರಿನ ಶಾರ್ಟ್ ಹುಡುಕುವ ಅಪ್ಪನ ಗ್ರೌಲರನ್ನು ನಿನಗಾಗಿ ಒರೆಸಿ, ಹೊಸ ವೈರು ಹಾಕಿ, ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ. ಆರ್ಮೇಚರನ್ನು ಅದರ ಮೇಲೆ ಕೂರಿಸಿ, ಹ್ಯಾಕ್ಸಾ ಬ್ಲೇಡನ್ನು ಸ್ಲಾಟಿನ ಮೇಲೆ ಮೆಲ್ಲಗೆ ಆಡಿಸು. ಒಳಗೆ ಕಾಯಿಲ್ ಶಾರ್ಟ್ ಆಗಿದ್ದರೆ ಆ ಸ್ಲಾಟಿನ ಮೇಲೆ ಬ್ಲೇಡು ಗರ್ ಅಂತ ನಡುಗುತ್ತದೆ. ಬ್ಲೇಡು ಹಳೆಯದೇ, ಅಪ್ಪನ ಹೆಬ್ಬೆರಳು ತಾಗಿ ತಾಗಿ ಒಂದು ಕಡೆ ಅಕ್ಷರ ಅಳಿಸಿದೆ, ಅದನ್ನು ಬದಲಿಸಬೇಡ. ಗಣೇಶನ ಹಬ್ಬಕ್ಕೆ ಬಂದಾಗ ತೆಗೆದುಕೊಂಡು ಹೋಗು, ಬಸ್ಸಿನಲ್ಲಿ ಭಾರವಾಗುತ್ತದೆ, ನಾನೇ ಸ್ಟ್ಯಾಂಡಿನವರೆಗೂ ಹೊತ್ತು ತರುತ್ತೇನೆ.